ಹಳೆಯ ಗಣಕಕ್ಕೆ ಮರಣಪತ್ರ ಬರೆದವರಾರು?

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಅಡ್ಡರಸ್ತೆಗಳಲ್ಲಿ ಇಂದಿಗೂ ಡಿ.ಟಿ.ಪಿ. ಅಂಗಡಿಗಳಿವೆ. ಲಗ್ನಪತ್ರಿಕೆ, ಕರಪತ್ರ, ಸಂಘದ ವಾರ್ಷಿಕ ವರದಿ, ಕವನ ಸಂಕಲನ ಎಲ್ಲವೂ ಅಲ್ಲಿ ಅಕ್ಷರರೂಪ ಪಡೆಯುತ್ತವೆ. ಇಂಥ ಅಂಗಡಿಗಳಲ್ಲಿ ವರ್ಷಗಟ್ಟಲೆ ದುಡಿದ ಗಣಕಯಂತ್ರಗಳಿಗೆ 2025ರ ಅಕ್ಟೋಬರ್ 14ರಂದು ಸಾವಿನ ದಿನ ಗೊತ್ತಾಯಿತು. ಅಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಯಂತ್ರದ ಒಂದು ತಿರುಪೂ ಸಡಿಲವಾಗಿರಲಿಲ್ಲ. ಆದರೆ ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಇರಬೇಕು. ಇಂಟೆಲ್ ಪ್ರೊಸೆಸರ್ ಸುಮಾರಾಗಿ ಎಂಟನೆಯ ತಲೆಮಾರಿನದೋ ಆಮೇಲಿನದೋ ಆಗಿರಬೇಕು. ಇಲ್ಲದಿದ್ದರೆ ಹೊಸ ಯಂತ್ರವನ್ನೇ ಕೊಳ್ಳಬೇಕು!

ಹೊಸದು ಬಂದ ದಿನವೇ ಕಷ್ಟ ಶುರುವಾಗುತ್ತದೆ. ಕಡತಗಳನ್ನು ಪೆನ್‌ಡ್ರೈವಿನಲ್ಲಿ ಒಯ್ಯಬಹುದು. ಸೆಟ್ಟಿಂಗ್‌ಗಳನ್ನು? ಸೆಟ್ಟಿಂಗ್ ಎಂದರೆ ದುಡಿಯುವವನು ವರ್ಷಗಳ ಕಾಲ ಯಂತ್ರಕ್ಕೆ ಕಲಿಸಿದ ತನ್ನ ಕೈಯ ರೂಢಿ: ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ, ಆಯ್ದ ಅಕ್ಷರಗಳು, ಪುಟದ ಅಳತೆ, ತಾನೇ ಕೂಡಿಸಿದ ಪದಗಳ ಪಟ್ಟಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಕಾಲದ ಕಡತಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ಅವು ಅರ್ಥವಿಲ್ಲದ ಗೀಚುಗಳಾಗಿ ಕಾಣುತ್ತವೆ.

ಮಲೆನಾಡಿಗೆ ಇದು ಅಪರಿಚಿತ ಅನುಭವವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯಿಂದ ಎದ್ದವರು ಪಾತ್ರೆ ಪಗಡ, ದನಕರುಗಳನ್ನು ಸಾಗಿಸಿಕೊಂಡು ಹೋದರು. ಸೊಪ್ಪಿನ ಬೆಟ್ಟ, ಹಳ್ಳದ ನೀರಿನ ಸರದಿ, ನೆರೆಹೊರೆಯ ಮುಯ್ಯಾಳು ಅಲ್ಲಿಯೇ ಮುಳುಗಿದವು. ಆ ದುಃಖಕ್ಕೂ ಅಂಗಡಿಯ ಈ ತಾಪತ್ರಯಕ್ಕೂ ಸಾಟಿಯಿಲ್ಲ, ನಿಜ. ಎರಡರ ಹಿಂದಿನ ಆದೇಶದ ಧಾಟಿ ಮಾತ್ರ ಒಂದೇ: ‘ಸಾಮಾನು ಕಟ್ಟಿಕೊಂಡು ಹೊರಡಿ, ಉಳಿದದ್ದು ನಿಮ್ಮ ಪಾಡು.’

ಕಂಪನಿಯ ನಡೆಯನ್ನೇ ಗಮನಿಸಿ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕಡತಗಳನ್ನೂ ಸೆಟ್ಟಿಂಗ್‌ಗಳನ್ನೂ ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟಿಸುವ ಸಾಧನವೊಂದು ಜೊತೆಗೇ ಬರುತ್ತಿತ್ತು. ವಿಸ್ಟಾದಲ್ಲಿ ಅದು ‘ಈಸಿ ಟ್ರಾನ್ಸ್‌ಫರ್’ ಆಯಿತು. 2015ರ ವಿಂಡೋಸ್ 10ರಲ್ಲಿ ಅದನ್ನು ತೆಗೆದುಹಾಕಲಾಯಿತು. ಬೆಂಬಲ ಮುಗಿದ ಮೇಲೆ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪರಿಷ್ಕರಣೆಯ ಅವಕಾಶ ನೀಡಲಾಯಿತು. ಹಣ ತೆರಲೊಲ್ಲದವರಿಗೆ ಇಟ್ಟ ದಾರಿಗಳಲ್ಲಿ ಒಂದು ಯಾವುದು? ಯಂತ್ರದ ಸೆಟ್ಟಿಂಗ್‌ಗಳನ್ನು ಕಂಪನಿಯ ಖಾತೆಗೆ ಒಪ್ಪಿಸುವುದು! ಬಳಕೆದಾರನ ರೂಢಿಯೇ ಒತ್ತೆಯಾಯಿತು.

ಹೊರಹಾಕಿದ ಯಂತ್ರ ಎಲ್ಲಿಗೆ ಹೋಗುತ್ತದೆ? ಬಹಳಷ್ಟು ಗುಜರಿಗೆ. ಬೆಂಗಳೂರಿನ ಕೊಳೆಗೇರಿಗಳ ಹಿತ್ತಿಲಲ್ಲಿ ಇಂಥ ಸರಕನ್ನು ಒಡೆದು ಲೋಹ ತೆಗೆಯುವ ತಾಣಗಳ ಮಣ್ಣಿನಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸ, ತಾಮ್ರಗಳು ಅಧಿಕ ಪ್ರಮಾಣದಲ್ಲಿರುವುದನ್ನು 2009ರಲ್ಲಿ ಪ್ರಕಟವಾದ ವೈಜ್ಞಾನಿಕ ಅಧ್ಯಯನವೊಂದು ದಾಖಲಿಸಿದೆ. ಜಗತ್ತಿನಲ್ಲಿ 2022ರಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದದ್ದು ಶೇಕಡ 22.3 ಮಾತ್ರ. ಇದು ವಿಲೇವಾರಿಯ ಲೆಕ್ಕವಾಯಿತು. ತಯಾರಿಕೆಯ ಲೆಕ್ಕವೂ ಇದೆ: ಹಳೆಯ ಮಾದರಿಯ ಮಾನಿಟರ್ ಸಹಿತ ಒಂದು ಗಣಕಕ್ಕೆ 240 ಕಿಲೋ ಇಂಧನ, 22 ಕಿಲೋ ರಾಸಾಯನಿಕ, 1,500 ಕಿಲೋ ನೀರು ಬೇಕಾಗುತ್ತದೆಂದು ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಅಧ್ಯಯನ 2004ರಲ್ಲೇ ಹೇಳಿತ್ತು. ಯಂತ್ರದ ಲೋಹವೂ ಯಾವುದೋ ಬೆಟ್ಟದ ಒಡಲಿನಿಂದಲೇ ಬರಬೇಕು. 2005ರ ಡಿಸೆಂಬರ್ 31ಕ್ಕೆ ಕುದುರೆಮುಖದ ಗಣಿಗಾರಿಕೆಯನ್ನು ನಿಲ್ಲಿಸಲು ಎಷ್ಟು ಹೋರಾಡಬೇಕಾಯಿತೆಂಬುದು ಇಲ್ಲಿನ ಜನಕ್ಕೆ ನೆನಪಿದೆ.

ಬೆಂಬಲವಿಲ್ಲದ ವಿಂಡೋಸನ್ನು ಅಂತರಜಾಲಕ್ಕೆ ಜೋಡಿಸುವುದು ಅಪಾಯ ಎಂಬ ವಾದ ಸುಳ್ಳಲ್ಲ. ಆದರೆ ಆ ಅಪಾಯ ಇರುವುದು ತಂತ್ರಾಂಶದಲ್ಲಿ. ಅದಕ್ಕೆ ಕಬ್ಬಿಣ, ತಾಮ್ರ, ಸಿಲಿಕಾನುಗಳನ್ನೇಕೆ ತಿಪ್ಪೆಗೆ ಎಸೆಯಬೇಕು? ಹಳೆಯ ಯಂತ್ರದಲ್ಲಿ ಲಿನಕ್ಸ್ ಓಡುತ್ತದೆ. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸ ಅದರಲ್ಲಿಯೂ ಇದೆ. ಬೆರಳಿನ ರೂಢಿ ಬದಲಾಗಬೇಕಿಲ್ಲ. ವಿಂಡೋಸಿನ ಸೆಟ್ಟಿಂಗ್‌ಗಳು ರಿಜಿಸ್ಟ್ರಿಯಲ್ಲಿ ಅಲ್ಲಲ್ಲಿ ಹರಡಿಹೋಗಿರುತ್ತವೆ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್‌ಗಳಲ್ಲಾದರೋ ಬಳಕೆದಾರನ ಏರ್ಪಾಡು ‘ಪ್ರೊಫೈಲ್’ ಎಂಬ ಒಂದು ಫೋಲ್ಡರಿನಲ್ಲಿರುತ್ತದೆ. ಅದನ್ನು ನಕಲಿಸಿದರೆ ರೂಢಿಯೂ ಜೊತೆಗೆ ಬರುತ್ತದೆ. ಹಳೆಯ ನುಡಿ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳುವುದು ಈಗಲೇ ಆಗಬೇಕಾದ ಕೆಲಸ. ಹಳೆಯ ಯಂತ್ರ ಇನ್ನೂ ಬದುಕಿರುವಾಗಲೇ. ಹೊಸದು ಅನಿವಾರ್ಯವೇ ಆದರೆ, ಹಳೆಯ ಡಿಸ್ಕನ್ನು ಪೂರ್ತಿ ಅಳಿಸಿ ಯಂತ್ರವನ್ನು ಅಧಿಕೃತ ಮರುಬಳಕೆದಾರರಿಗೇ ಒಪ್ಪಿಸಬೇಕು. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕ 2005ರಲ್ಲಿ ಆರಂಭವಾದದ್ದು ಬೆಂಗಳೂರಿಗೆ ಸಮೀಪದ ದಾಬಸ್‌ಪೇಟೆಯಲ್ಲಿಯೇ.

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಯಂತ್ರ ತಯಾರಿಸಿದವರನ್ನು ಹೊಣೆ ಮಾಡುತ್ತವೆ. ತಂತ್ರಾಂಶದ ಒಂದು ತೀರ್ಮಾನದಿಂದ ಆ ಯಂತ್ರವನ್ನು ಕಸವಾಗಿಸಿದವರನ್ನು ಅವು ಪ್ರಶ್ನಿಸುವುದಿಲ್ಲ. ಆ ಪ್ರಶ್ನೆಯನ್ನು ಜನ ಎತ್ತಬೇಕು. ಸಾರ್ವಜನಿಕ ಹಣದಿಂದ ಗಣಕಗಳನ್ನು ಕೊಳ್ಳುವ ಶಾಲೆ, ಪಂಚಾಯಿತಿಗಳು ಮೊದಲು ಎತ್ತಬೇಕು. ಹೊಸದು ಕೊಳ್ಳಿರೆಂದು ಸಲಹೆ ಬಂದಾಗ ವಿದ್ಯಾರ್ಥಿಗಳು ಕೇಳಬೇಕಾದುದು ಇಷ್ಟೇ: ಈ ಯಂತ್ರದಲ್ಲಿ ಕೆಟ್ಟಿರುವ ಭಾಗ ಯಾವುದು, ತೋರಿಸಿ.