ಮಾದರಿ ವಾಹನದ ಜೀವಾಳ: ಬ್ಯಾಟರಿಯ ಆಯ್ಕೆ ಮತ್ತು ಆರೈಕೆ

ಬೆಂಗಳೂರಿನ ಪೂರ್ವಭಾಗದಲ್ಲಿರುವ ಸಿ.ವಿ. ರಾಮನ್ ನಗರವು ಹೆಸರಿನಿಂದ ಮಾತ್ರವಲ್ಲದೆ ಕಾರ್ಯದಿಂದಲೂ ವಿಜ್ಞಾನದ ಬಡಾವಣೆಯಾಗಿದೆ. 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಮಹಾವಿಜ್ಞಾನಿಯ ಹೆಸರನ್ನು ಹೊತ್ತ ಈ ಪ್ರದೇಶದಲ್ಲಿ ದೇಶದ ರಕ್ಷಣಾ ಸಂಶೋಧನೆಗೆ ಸಂಬಂಧಿಸಿದ ಹಲವು ಪ್ರಯೋಗಾಲಯಗಳು ನೆಲೆಗೊಂಡಿವೆ. ಅವುಗಳಲ್ಲೊಂದಾದ ವೈಮಾನಿಕ ಅಭಿವೃದ್ಧಿ ಸಂಸ್ಥೆಯು ರೂಪಿಸಿದ 'ಲಕ್ಷ್ಯ' ಎಂಬ ಚಾಲಕರಹಿತ ವಿಮಾನವು 2000ದಲ್ಲಿ ವಾಯುಪಡೆಯ ಸೇವೆಗೆ ಸೇರಿತು. ಅದೇ ಸಂಸ್ಥೆಯ 'ತಪಸ್' 2016ರ ನವೆಂಬರಿನಲ್ಲಿ ಚಿತ್ರದುರ್ಗ ಜಿಲ್ಲೆಯ ಬಯಲಿನಿಂದ ಮೊದಲ ಬಾರಿಗೆ ಮೇಲೇರಿತು. ಇವು ಇಂಧನದಿಂದ ಹಾರುವ ದೊಡ್ಡ ಯಂತ್ರಗಳು. ಅಲ್ಲಿಗೆ ಸಮೀಪದ ಕೋಡಿಹಳ್ಳಿಯಲ್ಲಿರುವ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವಾದರೋ ಕೇವಲ 30 ಸೆಂಟಿಮೀಟರು ರೆಕ್ಕೆಯ ಹರವುಳ್ಳ, ಬ್ಯಾಟರಿಯ ಬಲದಿಂದಲೇ ಹಾರುವ 'ಬ್ಲ್ಯಾಕ್ ಕೈಟ್' ಎಂಬ ಪುಟ್ಟ ವಿಮಾನವನ್ನು ನಿರ್ಮಿಸಿ ತೋರಿಸಿದೆ.

ಇಂಥ ಸಾಧನೆಗಳ ವಾರ್ತೆಯನ್ನು ಕೇಳಿದ ಬಾಲಕ ಬಾಲಕಿಯರಲ್ಲಿ ತಾವೂ ದೂರದಿಂದ ಒಂದು ವಾಹನವನ್ನು ನಡೆಸಬೇಕೆಂಬ ಹಂಬಲ ಹುಟ್ಟುವುದು ಸಹಜ. ಅದನ್ನು ಮನಗಂಡು ಉದಾರಿಗಳಾದ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ರೇಡಿಯೋ ನಿಯಂತ್ರಿತ ಕಾರು, ದೋಣಿಗಳನ್ನು ಶಾಲೆಯ ವಿಜ್ಞಾನ ಸಂಘಕ್ಕೆ ಕೊಡುಗೆಯಾಗಿ ನೀಡುವುದುಂಟು. ಕೊಡುವಾಗ ಎಲ್ಲರ ದೃಷ್ಟಿಯೂ ವಾಹನದ ಅಂದದ ಮೇಲೆ, ವೇಗದ ಮೇಲೆ. ಅದರೊಳಗಿನ ಬ್ಯಾಟರಿ ಯಾವುದು, ಅದನ್ನು ಚಾರ್ಜು ಮಾಡುವವರು ಯಾರು ಎಂದು ಕೇಳುವವರು ವಿರಳ. ಪರಿಣಾಮವಾಗಿ ವಿಜ್ಞಾನ ದಿನದಂದು ಚಪ್ಪಾಳೆಗಳ ನಡುವೆ ಓಡಿದ ವಾಹನವು ಮರುವರ್ಷ ಅಲುಗದೆ ಗಾಜಿನ ಬೀರುವಿನ ಅಲಂಕಾರವಾಗಿ ಉಳಿಯುತ್ತದೆ. ಅಲ್ಲಿ ಕೆಟ್ಟಿರುವುದು ಬಹುಮಟ್ಟಿಗೆ ವಾಹನವಲ್ಲ, ಆರೈಕೆಯಿಲ್ಲದೆ ಸತ್ತ ಬ್ಯಾಟರಿ. ಆದುದರಿಂದ ಶಾಲೆಗಳು ಮೊದಲು ಬ್ಯಾಟರಿಯನ್ನೂ ಚಾರ್ಜರನ್ನೂ ಅವುಗಳ ಹೊಣೆ ಹೊರುವ ಉಪಾಧ್ಯಾಯರನ್ನೂ ಗೊತ್ತುಮಾಡಿಕೊಂಡು, ಅನಂತರವೇ ವಾಹನವನ್ನು ಆರಿಸುವುದು ಉಚಿತ.

ಈ ಮಾತು ಆಟಿಕೆಗಳಿಗೆ ಮಾತ್ರ ಅನ್ವಯಿಸುವುದೆಂದು ಭಾವಿಸಬೇಕಾಗಿಲ್ಲ. 1898ರಲ್ಲಿ ನ್ಯೂಯಾರ್ಕಿನಲ್ಲಿ ನಿಕೋಲ ಟೆಸ್ಲಾ ಜನರೆದುರು ನಡೆಸಿ ತೋರಿಸಿದ ಮೊತ್ತಮೊದಲ ರೇಡಿಯೋ ನಿಯಂತ್ರಿತ ದೋಣಿಯು ತನ್ನ ಒಡಲಿನಲ್ಲಿ ಬ್ಯಾಟರಿಗಳನ್ನು ಹೊತ್ತೇ ಚಲಿಸಿತ್ತು. ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಗಗನಕ್ಕೇರಿದ 'ಆರ್ಯಭಟ'ದ ವೈಜ್ಞಾನಿಕ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತುಹೋದದ್ದು ವಿದ್ಯುತ್ ಪೂರೈಕೆಯ ದೋಷದಿಂದ. 2023ರ ಆಗಸ್ಟಿನಲ್ಲಿ ಚಂದ್ರನ ಮೇಲಿಳಿದ, 26 ಕಿಲೋಗ್ರಾಂ ತೂಕದ, ಆರು ಚಕ್ರಗಳ 'ಪ್ರಜ್ಞಾನ್' ಬೆಂಗಳೂರಿನಿಂದಲೇ ಆಜ್ಞೆ ಪಡೆದು ನಡೆದ ವಾಹನ. ಚಂದ್ರನ ಒಂದು ಹಗಲಿನ ಕೆಲಸಕ್ಕೆಂದು ನಿರ್ಮಿತವಾದ ಅದು ತನ್ನ ಕರ್ತವ್ಯವನ್ನು ಮುಗಿಸಿತು. ಸೆಪ್ಟೆಂಬರಿನ ಆರಂಭದಲ್ಲಿ ಅದನ್ನು ನಿದ್ರಾವಸ್ಥೆಗೆ ತಂದಾಗ ಬ್ಯಾಟರಿ ಪೂರ್ಣವಾಗಿ ಚಾರ್ಜಾಗಿತ್ತು. ಆದರೂ ಚಂದ್ರನ ರಾತ್ರಿಯ ಅತಿಶೀತವನ್ನು ಕಳೆದು ಅದು ಮತ್ತೆ ಎಚ್ಚರಗೊಳ್ಳಲಿಲ್ಲ. ಯಂತ್ರವು ಎಷ್ಟೇ ಚತುರವಾಗಿರಲಿ, ಶಕ್ತಿಮೂಲದ ಇತಿಮಿತಿಯೇ ಅದರ ಇತಿಮಿತಿ.

ಮಾದರಿ ವಾಹನಗಳಲ್ಲಿ ಬಳಕೆಯಾಗುವ ಬ್ಯಾಟರಿಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ನಿಕಲ್-ಕ್ಯಾಡ್ಮಿಯಂ. ಇದು ಗಟ್ಟಿಮುಟ್ಟಾದುದೇನೋ ಹೌದು. ಆದರೆ ಕ್ಯಾಡ್ಮಿಯಂ ವಿಷಲೋಹವಾದ್ದರಿಂದ ಇದರ ಕಾಲ ಮುಗಿಯುತ್ತ ಬಂದಿದೆ. ಎರಡನೆಯದು ನಿಕಲ್-ಮೆಟಲ್ ಹೈಡ್ರೈಡ್. ಇದರ ಒಂದೊಂದು ಕೋಶವೂ 1.2 ವೋಲ್ಟ್ ಕೊಡುತ್ತದೆ. ಆರು ಕೋಶಗಳನ್ನು ಸರಣಿಯಾಗಿ ಜೋಡಿಸಿದ 7.2 ವೋಲ್ಟಿನ ಕಟ್ಟು ಮಾದರಿ ಕಾರುಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಮೂರನೆಯದು ಲಿಥಿಯಂ-ಪಾಲಿಮರ್. ಇದರ ಒಂದು ಕೋಶದ ಸಾಮಾನ್ಯ ವೋಲ್ಟೇಜು 3.7, ಪೂರ್ಣ ಚಾರ್ಜಾದಾಗ 4.2. ತೂಕಕ್ಕೆ ಹೋಲಿಸಿದರೆ ಇದು ತುಂಬಿಕೊಳ್ಳುವ ಶಕ್ತಿ ನಿಕಲ್ ಬ್ಯಾಟರಿಗಿಂತ ಬಹಳ ಹೆಚ್ಚು. ಪುಟ್ಟ ವಿಮಾನಗಳು ಬ್ಯಾಟರಿಯಿಂದ ಹಾರುವುದು ಇದರಿಂದ ಬಹಳ ಸುಲಭವಾಯಿತು. ಆದರೆ ಶಕ್ತಿ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಮಿತಿ ಮೀರಿ ಚಾರ್ಜಾದರೆ, ಚುಚ್ಚಿಹೋದರೆ, ಎರಡು ತಂತಿಗಳ ತುದಿ ಒಂದಕ್ಕೊಂದು ತಗುಲಿದರೆ ಇದು ತಾನೇ ಕಾದು, ಕಾವಿನಿಂದ ಮತ್ತಷ್ಟು ಕಾದು, ಕೊನೆಗೆ ಉರಿದುಬಿಡಬಹುದು. ಇವಲ್ಲದೆ ಲಿಥಿಯಂ ಐರನ್ ಫಾಸ್ಫೇಟ್ ಎಂಬ ಇನ್ನೊಂದು ಬಗೆಯೂ ಇದೆ. ಇದರ ಕೋಶಕ್ಕೆ 3.2 ವೋಲ್ಟ್, ತೂಕ ತುಸು ಹೆಚ್ಚಾದರೂ ಬೆಂಕಿಯ ಭಯ ಕಡಿಮೆ.

ಹೀಗಿರುವಾಗ ಶಾಲೆಗೆ ಯಾವುದು ಯೋಗ್ಯ? ಅಂಗಡಿಯಲ್ಲಿ ವೇಗವನ್ನು ಹೊಗಳಿ ಲಿಥಿಯಂ-ಪಾಲಿಮರನ್ನೇ ಮುಂದೊಡ್ಡುವುದು ಸಾಮಾನ್ಯ. ಪಂದ್ಯಕ್ಕೆ ಹೋಗುವವರಿಗೆ ಅದು ಸರಿ. ಮಾಧ್ಯಮಿಕ ಶಾಲೆಯ ಮಕ್ಕಳಿಗೆ ಮಾತ್ರ ನಿಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿಯೇ ಮೊದಲ ಪಾಠವಾಗಬೇಕು. ವಾಹನ ತುಸು ನಿಧಾನವಾಗಿ ಓಡಿದರೆ ನಷ್ಟವೇನೂ ಇಲ್ಲ; ತಪ್ಪುಗಳನ್ನು ಸಹಿಸುವ ಗುಣ ಅದಕ್ಕೆ ಹೆಚ್ಚಾಗಿದೆ. ಪ್ರೌಢಶಾಲೆಯ ಮೇಲಿನ ತರಗತಿಗಳಲ್ಲಿ, ಲೆಕ್ಕವನ್ನೂ ಶಿಸ್ತನ್ನೂ ಕಲಿತವರಿಗೆ, ಉಪಾಧ್ಯಾಯರ ಸಮಕ್ಷಮದಲ್ಲಿ ಲಿಥಿಯಂ ಬ್ಯಾಟರಿಯನ್ನು ಪರಿಚಯಿಸಬಹುದು.

ಆ ಲೆಕ್ಕವಾದರೂ ಕಠಿಣವಾದುದಲ್ಲ. ಬ್ಯಾಟರಿಯ ಮೇಲೆ 11.1 ವೋಲ್ಟ್, 2200 ಮಿಲಿಆಂಪಿಯರ್ ಗಂಟೆ, 25 ಸಿ ಎಂದು ಮುದ್ರಿಸಿದೆಯೆಂದು ತಿಳಿಯೋಣ. 11.1 ವೋಲ್ಟ್ ಎಂದರೆ ಮೂರು ಲಿಥಿಯಂ ಕೋಶಗಳು. 2200 ಎಂದರೆ 2.2 ಆಂಪಿಯರ್ ಪ್ರವಾಹವನ್ನು ಒಂದು ಗಂಟೆ ಕಾಲ ಕೊಡಬಲ್ಲ ಸಂಗ್ರಹ. 25 ಸಿ ಎಂದರೆ ಅದರ 25 ಪಟ್ಟು, ಅಂದರೆ 55 ಆಂಪಿಯರ್ ತನಕ ಪ್ರವಾಹವನ್ನು ಹೊರಬಿಡಬಲ್ಲೆನೆಂಬ ತಯಾರಕರ ಮಾತು. ಈ ಮಾತಿನಲ್ಲಿ ಉತ್ಪ್ರೇಕ್ಷೆಯಿರುವುದುಂಟಾದ್ದರಿಂದ ಮೋಟಾರು ಬೇಡುವುದಕ್ಕಿಂತ ಧಾರಾಳವಾಗಿ ಹೆಚ್ಚಿರುವ ಬ್ಯಾಟರಿಯನ್ನು ಆರಿಸುವುದು ಜಾಣತನ. ವಾಹನದ ಮೋಟಾರು ಸರಾಸರಿ 10 ಆಂಪಿಯರ್ ಎಳೆಯುವುದಾದರೆ ಈ ಬ್ಯಾಟರಿ ಸುಮಾರು 13 ನಿಮಿಷ ಬರಬೇಕು. ಆದರೆ ಲಿಥಿಯಂ ಕೋಶವನ್ನು 3 ವೋಲ್ಟಿಗಿಂತ ಕೆಳಕ್ಕೆ ಇಳಿಸಿದರೆ ಅದು ಶಾಶ್ವತವಾಗಿ ಕೆಡುವುದರಿಂದ, ಐದರಲ್ಲಿ ನಾಲ್ಕು ಪಾಲನ್ನು ಮಾತ್ರ ಬಳಸಿ ಹತ್ತು ನಿಮಿಷಕ್ಕೆ ಓಟವನ್ನು ನಿಲ್ಲಿಸಬೇಕು. ಭೌತಶಾಸ್ತ್ರದ ಪುಸ್ತಕದಲ್ಲಿ ನೀರಸವಾಗಿ ಕಾಣುವ ವೋಲ್ಟ್, ಆಂಪಿಯರ್‌ಗಳು ಇಲ್ಲಿ ಮಕ್ಕಳ ಕಣ್ಣೆದುರೇ ಜೀವ ತಳೆಯುತ್ತವೆ.

ಇನ್ನು ಚಾರ್ಜು ಮಾಡುವ ವಿಧಾನ. ಹೆಚ್ಚಿನ ಅನಾಹುತಕ್ಕೆ ದಾರಿಯಾಗುವುದು ಇಲ್ಲಿಯೇ. ನಿಕಲ್ ಬ್ಯಾಟರಿಯು ಪೂರ್ಣ ತುಂಬಿದ ಕ್ಷಣದಲ್ಲಿ ಅದರ ವೋಲ್ಟೇಜು ಒಂದಿಷ್ಟು ಇಳಿಯುತ್ತದೆ. ಅದಕ್ಕಾಗಿ ರೂಪಿಸಿದ ಶೀಘ್ರ ಚಾರ್ಜರು ಆ ಇಳಿತವನ್ನೇ ಕಾದು ನಿಲ್ಲುತ್ತದೆ. ಲಿಥಿಯಂ ಬ್ಯಾಟರಿಯಲ್ಲಿ ಅಂಥ ಇಳಿತವೇ ಇಲ್ಲ. ಅದನ್ನು ನಿಕಲ್ ಚಾರ್ಜರಿಗೆ ಜೋಡಿಸಿದರೆ ಚಾರ್ಜರು ಬಾರದ ಸಂಕೇತಕ್ಕಾಗಿ ಕಾಯುತ್ತ ಪ್ರವಾಹವನ್ನು ನೂಕುತ್ತಲೇ ಇರುತ್ತದೆ. ಕೊನೆಗೆ ಬ್ಯಾಟರಿ ಹೊತ್ತಿಕೊಳ್ಳುತ್ತದೆ. ಆದುದರಿಂದ ಬ್ಯಾಟರಿಯ ಬಗೆಗೆ ತಕ್ಕ ಚಾರ್ಜರೇ ಬೇಕು. ಲಿಥಿಯಂ ಚಾರ್ಜರು ಮೊದಲು ಒಂದೇ ಪ್ರಮಾಣದ ಪ್ರವಾಹವನ್ನು ಕೊಟ್ಟು, ಕೋಶ 4.2 ವೋಲ್ಟನ್ನು ಮುಟ್ಟಿದ ಮೇಲೆ ವೋಲ್ಟೇಜನ್ನು ಅಲ್ಲಿಯೇ ಹಿಡಿದು ಪ್ರವಾಹವನ್ನು ಕ್ರಮೇಣ ತಗ್ಗಿಸುತ್ತದೆ. 2200ರ ಬ್ಯಾಟರಿಗೆ 2.2 ಆಂಪಿಯರ್ ಮೀರದಂತೆ ಚಾರ್ಜು ಮಾಡುವುದು ಕ್ಷೇಮ. ಇಷ್ಟೇ ಸಾಲದು, ಕೋಶಗಳ ನಡುವೆ ಸಮತೋಲನವೂ ಬೇಕು. ಮೂರು ಕೋಶಗಳ ಕಟ್ಟಿನ ಮೊತ್ತ 12.6 ವೋಲ್ಟ್ ಇದ್ದರೆ ಎಲ್ಲವೂ ಸರಿಯೆಂದು ತೋರುತ್ತದೆ. ಆದರೆ ಎರಡು ಕೋಶಗಳು 4.1ರಲ್ಲಿದ್ದು ಮೂರನೆಯದು 4.4ಕ್ಕೆ ಏರಿದ್ದರೂ ಮೊತ್ತ 12.6ರಷ್ಟೇ! ಕೋಶಕೋಶವನ್ನೂ ಪ್ರತ್ಯೇಕವಾಗಿ ಅಳೆದು ಸರಿದೂಗಿಸುವ ಚಾರ್ಜರಿಗೆ ತುಸು ಹೆಚ್ಚು ಹಣ ತೆತ್ತರೂ ಅದು ದುಬಾರಿಯಲ್ಲ.

ಉಳಿದ ನಿಯಮಗಳು ಸರಳ, ಆದರೆ ವಿನಾಯಿತಿಯಿಲ್ಲದವು. ಚಾರ್ಜು ಮಾಡುವ ಜಾಗ ಸಿಮೆಂಟು ನೆಲವಾಗಿರಬೇಕು. ಸುತ್ತ ಕಾಗದ, ಬಟ್ಟೆ, ಮರದ ಸಾಮಾನು ಇರಬಾರದು. ಪಕ್ಕದಲ್ಲಿ ಒಣಮರಳಿನ ಬಕೆಟ್ಟು ಇರಬೇಕು. ಓಡಿ ಬಿಸಿಯಾದ ಬ್ಯಾಟರಿ ತಣ್ಣಗಾಗುವ ತನಕ ಚಾರ್ಜಿಗೆ ಹಾಕಬಾರದು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಮುಟ್ಟಿ ಬಳಸುವಂತಿಲ್ಲ. ಹೊಗೆ ಕಂಡರೆ ಮಕ್ಕಳನ್ನು ಮೊದಲು ದೂರ ಕಳುಹಿಸಬೇಕು. ಆ ಹೊಗೆ ವಿಷಕರ. ರಜೆಯ ದಿನಗಳಲ್ಲಿ ಲಿಥಿಯಂ ಕೋಶವನ್ನು ಪೂರ್ಣ ತುಂಬಿಯೂ ಇಡದೆ, ಬರಿದಾಗಿಯೂ ಇಡದೆ, ಸುಮಾರು 3.8 ವೋಲ್ಟಿನಲ್ಲಿ ತಂಪಾದ ಜಾಗದಲ್ಲಿಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಯಾರೂ ಎದುರಿಗಿಲ್ಲದಾಗ ಚಾರ್ಜು ಮಾಡಬಾರದು. ಪ್ರಸಾದನಿಲಯದ ಕೊಠಡಿಯಲ್ಲಿ ರಾತ್ರಿ ಚಾರ್ಜಿಗಿಟ್ಟು ಮಲಗುವುದಂತೂ ಸರ್ವಥಾ ಕೂಡದು. ಅಲ್ಲಿ ಒಬ್ಬರ ಅಜಾಗರೂಕತೆಗೆ ಬೆಲೆ ತೆರಬೇಕಾದವರು ಮಲಗಿರುವ ಎಲ್ಲ ಮಕ್ಕಳು. ಆಯುಸ್ಸು ತೀರಿದ ಬ್ಯಾಟರಿಯನ್ನು ಕಸದ ತೊಟ್ಟಿಗೆ ಎಸೆಯದೆ ಸಂಗ್ರಹಿಸುವವರಿಗೆ ಒಪ್ಪಿಸಬೇಕು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಆಶಯವೂ ಇದೇ.

ಇದೆಲ್ಲ ಸಿರಿವಂತರ ಮಕ್ಕಳ ಆಟ, ಸಾಮಾನ್ಯ ಶಾಲೆಗೆ ಇದರ ಗೊಡವೆಯೇಕೆ ಎಂಬ ಆಕ್ಷೇಪಣೆ ಕೇಳಿಬರಬಹುದು. ಆ ಆಕ್ಷೇಪಣೆಯಲ್ಲಿ ಅರ್ಧ ಸತ್ಯವಿದೆ. ಪುಸ್ತಕ ಭಂಡಾರವೂ ಪ್ರಯೋಗಶಾಲೆಯೂ ಬಡವಾಗಿರುವಲ್ಲಿ ಥಳಕಿನ ವಾಹನಕ್ಕೆ ಹಣ ಸುರಿಯುವುದು ತರವಲ್ಲ. ಆದರೆ 1991ರಲ್ಲಿ ಮಾರುಕಟ್ಟೆಗೆ ಬಂದು, 2019ರಲ್ಲಿ ತನ್ನ ನಿರ್ಮಾತೃಗಳಿಗೆ ನೊಬೆಲ್ ಪಾರಿತೋಷಕವನ್ನು ತಂದ ಲಿಥಿಯಂ ಬ್ಯಾಟರಿಯು ಇಂದು ಬಡವರ ಮನೆಯ ಮೊಬೈಲು ಫೋನಿನಲ್ಲಿಯೂ, ಬೀದಿಯಲ್ಲಿ ಓಡುವ ವಿದ್ಯುತ್ ಸ್ಕೂಟರಿನಲ್ಲಿಯೂ ಕುಳಿತಿದೆ. ಅದರ ಗುಣದೋಷಗಳನ್ನು ಅರಿಯುವುದು ಇಂದಿನ ಮಕ್ಕಳಿಗೆ ವಿಲಾಸವಲ್ಲ, ಆವಶ್ಯಕತೆ. ಮಾದರಿ ವಾಹನವು ಆ ಅರಿವಿಗೆ ಒಂದು ನೆವ ಮಾತ್ರ.

ವಿಮಾನಕ್ಕಿಂತ ಕಾರು, ದೋಣಿಗಳೇ ಶಾಲೆಗೆ ಲೇಸೆಂಬುದಕ್ಕೆ ಇನ್ನೊಂದು ಕಾರಣವೂ ಉಂಟು. ಸಿ.ವಿ. ರಾಮನ್ ನಗರದ ಸಮೀಪದಲ್ಲಿಯೇ ಎಚ್.ಎ.ಎಲ್. ವಿಮಾನ ನಿಲ್ದಾಣವಿದೆ. 2008ರಲ್ಲಿ ಸಾಮಾನ್ಯ ಪ್ರಯಾಣಿಕರ ವಿಮಾನ ಸಂಚಾರ ದೇವನಹಳ್ಳಿಗೆ ವರ್ಗವಾದರೂ ಇಲ್ಲಿ ಹಾರಾಟ ನಿಂತಿಲ್ಲ. 2021ರ ಡ್ರೋನ್ ನಿಯಮಗಳಂತೆ ಹಾರುವ ಸಾಧನಗಳಿಗೆ ವಲಯಗಳ ನಿರ್ಬಂಧವಿದೆ. ನಕ್ಷೆಯನ್ನು ನೋಡದೆ, ಅಗತ್ಯವಾದ ಅನುಮತಿಯನ್ನು ಪಡೆಯದೆ ಹಾರಿಸುವುದು ಸಲ್ಲದು. ಚಕ್ರದ ವಾಹನಕ್ಕಾದರೋ ಶಾಲೆಯ ಅಂಗಳವೇ ಸಾಕು.

ಆದುದರಿಂದ ದಾನಿಗಳು ಕೊಡುಗೆಯ ಕ್ರಮವನ್ನು ತುಸು ಬದಲಾಯಿಸಿಕೊಂಡರೆ ಅದು ಬಹುಕಾಲ ಫಲ ಕೊಡುತ್ತದೆ. ಬೆಲೆಬಾಳುವ ಒಂದು ವಾಹನದ ಬದಲು ಸಾಧಾರಣವಾದ ಎರಡು ವಾಹನಗಳು, ಉತ್ತಮವಾದ ಒಂದು ಚಾರ್ಜರು, ಒಂದು ವೋಲ್ಟ್‌ಮೀಟರು, ಬೆಂಕಿ ತಾಳುವ ಒಂದು ಪೆಟ್ಟಿಗೆ, ಎರಡು ಮೂರು ವರ್ಷಗಳಿಗೊಮ್ಮೆ ಹೊಸ ಬ್ಯಾಟರಿ ಕೊಳ್ಳಲು ಒಂದು ಪುಟ್ಟ ನಿಧಿ, ಇಷ್ಟಿದ್ದರೆ ಸಾಕು. ಸಿ.ವಿ. ರಾಮನ್ ನಗರದಂಥ ಕಡೆ ಪ್ರಯೋಗಾಲಯಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಬಂದು ಉಪಾಧ್ಯಾಯರೊಡನೆ ಕುಳಿತು ಈ ವಿದ್ಯೆಯನ್ನು ಹಂಚಿಕೊಂಡರೆ, ಅದು ಹಣದ ಕೊಡುಗೆಗಿಂತ ಮಿಗಿಲಾದುದು. ಉಪಾಧ್ಯಾಯರು ಪ್ರತಿ ಬ್ಯಾಟರಿಗೂ ಒಂದು ಸಂಖ್ಯೆಯಿತ್ತು, ಚಾರ್ಜು ಮಾಡಿದ ದಿನಾಂಕವನ್ನೂ ವೋಲ್ಟೇಜನ್ನೂ ವಿದ್ಯಾರ್ಥಿಗಳಿಂದಲೇ ಪುಸ್ತಕದಲ್ಲಿ ಬರೆಯಿಸಲಿ. ವಾಹನ ಓಡುವುದು ಹತ್ತು ನಿಮಿಷ. ಅಳೆಯುವ, ಕಾಯುವ, ಬರೆದಿಡುವ ಅಭ್ಯಾಸ ಬಾಳಿನುದ್ದಕ್ಕೂ ಜೊತೆಗಿರುತ್ತದೆ.