ಪುಕ್ಕಟೆ ಹಂಚಿದರೂ ಉಳಿಯಲಿಲ್ಲ

1967ರಲ್ಲಿ ಇಂಗ್ಲೆಂಡಿನ ಸಂಗೀತ ವಾರಪತ್ರಿಕೆಯೊಂದರಲ್ಲಿ ಒಂದು ಸಣ್ಣ ಜಾಹೀರಾತು ಬಂತು. ರೆಕಾರ್ಡ್ ಕಂಪನಿಯೊಂದು ಹೊಸ ಪ್ರತಿಭೆಗಳನ್ನು ಹುಡುಕುತ್ತಿತ್ತು. ಲಿಂಕನ್‌ಶೈರ್ ಕಡೆಯ ಹಳ್ಳಿ ಹುಡುಗನೊಬ್ಬ ಅದನ್ನು ನೋಡಿ ತಾನು ಬರೆದ ಸಾಲುಗಳನ್ನು ಕಳಿಸಿದ. ವಯಸ್ಸು 17, ಹೆಸರು ಬರ್ನಿ ಟಾಪಿನ್. 15ಕ್ಕೇ ಶಾಲೆ ಬಿಟ್ಟು, ಪತ್ರಕರ್ತ ಆಗಬೇಕೆಂದು ಅಲ್ಲಿನ ಪತ್ರಿಕೆಯ ಅಚ್ಚಿನ ಮನೆಗೆ ಸೇರಿ, ಅದೂ ಹಿಡಿಸದೆ ಹೊಲದ ಕೆಲಸಕ್ಕೂ ಹೋಗಿದ್ದವನು. ನಮ್ಮ ಬಳಗದಲ್ಲೇ ಇಂಥವರು ಎಷ್ಟು ಮಂದಿ ಇದ್ದೇವೆ ಹೇಳಿ!

ಅದೇ ಜಾಹೀರಾತು ನೋಡಿ ಲಂಡನ್ ಕಡೆಯ ಪಿಯಾನೋ ನುಡಿಸುವ ಯುವಕನೂ ಹೋಗಿದ್ದ. ಕಂಪನಿ ಅವನನ್ನು ಆರಿಸಲಿಲ್ಲ. ಆದರೆ ಅಲ್ಲಿದ್ದವರೊಬ್ಬರು ಹಳ್ಳಿ ಹುಡುಗನ ಹಾಡುಗಳ ಲಕೋಟೆಯನ್ನು ಅವನ ಕೈಗಿಟ್ಟರು. ಆ ಯುವಕನೇ ಎಲ್ಟನ್ ಜಾನ್. ಒಬ್ಬ ಬರೆಯೋದು, ಇನ್ನೊಬ್ಬ ರಾಗ ಹಾಕೋದು ಹಾಗೇ ನಡೆದು, 2020ರಲ್ಲಿ ಇಬ್ಬರಿಗೂ ಆಸ್ಕರ್ ಬಂತು.

ಆ ಪತ್ರಿಕೆ ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್, ಅಂದರೆ ಎನ್‌ಎಂಇ. 1952ರಲ್ಲಿ ಶುರುವಾಯಿತು. ಆ ವರ್ಷ ನವೆಂಬರಿನಲ್ಲಿ ಬ್ರಿಟನ್ನಿನ ಮೊದಲ ಹಾಡುಗಳ ಪಟ್ಟಿ ಅದರಲ್ಲೇ ಬಂದಿದ್ದು. ಹೇಗೆ ಮಾಡಿದರು ಗೊತ್ತೇ? ಪರ್ಸಿ ಡಿಕಿನ್ಸ್ ಎಂಬ ಜಾಹೀರಾತು ವಿಭಾಗದವರು ಸುಮಾರು 20 ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ "ಈ ವಾರ ಯಾವುದು ಹೆಚ್ಚು ಹೋಯ್ತು" ಅಂತ ಕೇಳಿದರು, ಅಷ್ಟೇ. ತರಕಾರಿ ಮಾರ್ಕೆಟ್ ದರಕ್ಕೆ ನಾವು ದಲ್ಲಾಳಿಗಳಿಗೆ ಫೋನ್ ಹೊಡೆಯುವ ಹಾಗೆ.

1964ರಲ್ಲಿ ಈ ಪತ್ರಿಕೆ 3 ಲಕ್ಷ ದಾಟಿ ಮಾರಾಟವಾಗುತ್ತಿತ್ತು. ಇಂಟರ್ನೆಟ್ ಬಂದ ಮೇಲೆ ಇಳಿಯುತ್ತಾ ಇಳಿಯುತ್ತಾ 15 ಸಾವಿರದ ಆಸುಪಾಸಿಗೆ ಬಂತು. ಹಾಡೇ ಬೆರಳ ತುದಿಯಲ್ಲಿ ಕೇಳುವಾಗ ಅದು ಹೇಗಿದೆ ಅಂತ ದುಡ್ಡು ಕೊಟ್ಟು ಯಾರು ಓದುತ್ತಾರೆ? 2015ರ ಸೆಪ್ಟೆಂಬರಿನಲ್ಲಿ ಮಾಲೀಕರು ಪುಕ್ಕಟೆ ಮಾಡಿಬಿಟ್ಟರು. ರೈಲು ನಿಲ್ದಾಣ, ಅಂಗಡಿ, ಕಾಲೇಜುಗಳಲ್ಲಿ ಹಂಚಿದರು. ಪ್ರತಿಗಳು ಮತ್ತೆ 3 ಲಕ್ಷ ದಾಟಿದವು. ಆದರೂ 2018ರ ಮಾರ್ಚಿನಲ್ಲಿ ಅಚ್ಚಿನ ವಾರಪತ್ರಿಕೆ ನಿಂತಿತು. ಅಚ್ಚಿನ ಖರ್ಚು ಏರಿತ್ತು, ಜಾಹೀರಾತು ಸಿಗುತ್ತಿರಲಿಲ್ಲ. ಅದಕ್ಕಿಂತ ಹಳೆಯ ಮೆಲೋಡಿ ಮೇಕರ್ 2000ದಲ್ಲೇ ಎನ್‌ಎಂಇ ಒಳಗೆ ಕರಗಿತ್ತು. ಕ್ಯೂ ಎಂಬ ಮಾಸಿಕ 2020ರಲ್ಲಿ ಮುಚ್ಚಿತು. ಎನ್‌ಎಂಇ 2023ರಲ್ಲಿ ಎರಡು ತಿಂಗಳಿಗೊಮ್ಮೆ ಅಚ್ಚಾಗಿ ಮರಳಿತು, ಆದರೆ ಮನೆಮನೆಗೆ ಹೋಗುವ ವಾರಪತ್ರಿಕೆಯ ದಿನ ಮುಗಿದಿದೆ.

"ಮೊಬೈಲ್ ಬಂತು, ಪತ್ರಿಕೆ ಸತ್ತಿತು" ಅನ್ನುವುದು ಅರ್ಧ ಮಾತು. ಕೈ ಚಾಚಿ ತೆಗೆದುಕೊಳ್ಳುವವರು ಕೊನೆಯವರೆಗೂ ಇದ್ದರು. ಅಂಗಡಿಗೆ ಫೋನ್ ಮಾಡುವ, ಕಚೇರಿಗೆ ಹೋಗುವ, ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲ ಅಂತ ಬರೆಯುವ ಮನುಷ್ಯನಿಗೆ ಸಂಬಳ ಕೊಡುವವರು ಇಲ್ಲವಾದರು.

ಸಿನಿಮಾ ಟಾಕೀಸಿನ ಹೊರಗೆ ಮಾರುತ್ತಿದ್ದ ಹಾಡಿನ ಪುಸ್ತಕ ಹೋಯಿತಲ್ಲ, ಅದಕ್ಕೆ ನನಗೇನೂ ಬೇಜಾರಿಲ್ಲ. ಸಾಹಿತ್ಯ ಫೋನಿನಲ್ಲಿ ಸಿಗುತ್ತದೆ, ಒಳ್ಳೆಯದೇ. ನನ್ನ ತಕರಾರು ಬೇರೆ. ಉತ್ತರ ಕರ್ನಾಟಕದ ಜಾನಪದ ಹಾಡುಗಳನ್ನು ಯೂಟ್ಯೂಬಿನಲ್ಲಿ ಲಕ್ಷಗಟ್ಟಲೆ ಜನ ನೋಡುತ್ತಾರೆ. ಟ್ರ್ಯಾಕ್ಟರಿನಲ್ಲಿ, ಮದುವೆ ಮೆರವಣಿಗೆಯಲ್ಲಿ ಅವೇ. ಕೆಳಗೆ ಚಾನೆಲ್ ಹೆಸರು ದಪ್ಪಕ್ಷರದಲ್ಲಿರುತ್ತದೆ, ಎಷ್ಟೋ ಸಲ ಬರೆದವರ ಹೆಸರೇ ಇರುವುದಿಲ್ಲ. ರಾಗ ಯಾರ ಅಜ್ಜಿಯದೋ! ಹಾಡಿದ ಹುಡುಗಿಗೆ ಎಷ್ಟು ಕೊಟ್ಟರು ಅಂತ ಕೇಳುವವರಿಲ್ಲ. ವ್ಯೂಸ್ ಎಣಿಸುವ ಯಂತ್ರಕ್ಕೆ ಅದು ಬೇಕಿಲ್ಲ.

ಕೇಳಬೇಕಾದವರು ನಮ್ಮಂಥವರೇ. ಆದರೆ ಸುದ್ದಿಗೆ ಇಷ್ಟು ಅಂತ ಲೆಕ್ಕ ಹಾಕಿ ಬದುಕುವ ಸ್ಟ್ರಿಂಗರ್ ಒಬ್ಬ ಗಾಯಕಿಯ ಮನೆಗೆ 40 ಕಿಲೋಮೀಟರ್ ಬೈಕಿನಲ್ಲಿ ಹೋಗಿ ಬಂದರೆ ಪೆಟ್ರೋಲೂ ಗಿಟ್ಟುವುದಿಲ್ಲ. ಡೆಸ್ಕಿನವರು ಕೇಳುವುದು ಅಪಘಾತ ಏನಾದರೂ ಇದೆಯಾ ಅಂತ.

ಹಾಗಾಗಿ ಬಳಗದ ಗೆಳೆಯರ ಮುಂದೆ ಒಂದು ಮಾತು ಇಡುತ್ತೇನೆ. ತಿಂಗಳಿಗೆ ಒಂದೇ ಹಾಡು ಹಿಡಿಯೋಣ. ಬರೆದವರು, ಹಾಡಿದವರು, ಊರು, ಸಿಕ್ಕ ದುಡ್ಡು, ಇಷ್ಟನ್ನು ಅವರನ್ನೇ ಕೇಳಿ ಬರೆಯೋಣ. ಹೋಗಿ ಬರುವವರ ಪೆಟ್ರೋಲ್ ಖರ್ಚನ್ನು ಓದುವ ನೀವು ಹತ್ತು ಹತ್ತು ರೂಪಾಯಿ ಹಾಕಿ ಕೊಡುತ್ತೀರಾ? ಕೊಡುವುದಾದರೆ ಮೊದಲ ಊರು ಯಾವುದು ಅಂತಲೂ ನೀವೇ ಹೇಳಿ.