ಸೊನ್ನೆ ಕೊಟ್ಟವನ ಹೆಸರೆಲ್ಲಿ?

ಕಳೆದ ಬೇಸಿಗೆ ಪಿರಿಯಾಪಟ್ಟಣ ಕಡೆಯ ಒಂದು ಊರಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ನಡೆಯಿತು. ತಂಬಾಕು ಹರಾಜು ಮುಗಿದು ಕೈಯಲ್ಲಿ ಸ್ವಲ್ಪ ದುಡ್ಡು, ಸ್ವಲ್ಪ ಪುರುಸೊತ್ತು ಇರುವ ಹೊತ್ತು. ಫೈನಲ್‌ನಲ್ಲಿ ಒಬ್ಬ ಹುಡುಗ ಎರಡು ಓವರ್ ಹಾಕಿ ಒಂದೂ ರನ್ ಕೊಡಲಿಲ್ಲ. ಆರು ಓವರ್‌ಗಳ ಆಟದಲ್ಲಿ ಇದು ಸಣ್ಣ ಮಾತಲ್ಲ. ಆದರೆ ಪಂದ್ಯಪುರುಷ ಆಗಿದ್ದು ನಾಲ್ಕು ಸಿಕ್ಸ್ ಹೊಡೆದವ. ನಾವು ಪೇಪರ್‌ಗೆ ಕಳಿಸಿದ ಸುದ್ದಿಯಲ್ಲೂ ಅವನದೇ ಹೆಸರು.

ತಿಂಗಳಾದ ಮೇಲೆ ಬೌಲರ್ ಹುಡುಗ ಫೋನ್ ಮಾಡಿದ. "ಅಣ್ಣಾ, ಮೈಸೂರಲ್ಲಿ ಒಂದು ಕ್ಲಬ್‌ಗೆ ಸೆಲೆಕ್ಷನ್ ಐತೆ. ಆ ಮ್ಯಾಚಿಂದು ಪೇಪರ್ ಕಟಿಂಗ್ ಕೊಡ್ತೀರಾ?" ಕಟಿಂಗ್ ಇತ್ತು, ಅದರಲ್ಲಿ ಅವನಿರಲಿಲ್ಲ. ಸ್ಕೋರ್ ಶೀಟಾದರೂ ಸಿಗಲಿ ಎಂದು ಆಯೋಜಕರನ್ನು ಕೇಳಿದೆವು. "ಅಯ್ಯೋ ಸಾರ್, ಆ ಚೀಟಿ ಯಾರು ಮಡಗ್ತಾರೆ? ಪೆಂಡಾಲ್ ಬಿಚ್ಚುವಾಗ್ಲೇ ಹೋಯ್ತು."

ಅಮೆರಿಕದ ಬೇಸ್‌ಬಾಲ್‌ನಲ್ಲಿ ಒಬ್ಬನೇ ಎಸೆತಗಾರ ಇಡೀ ಆಟ ಎಸೆದು ಎದುರಾಳಿಗೆ ಒಂದೂ ರನ್ ಕೊಡದಿದ್ದರೆ ಅದನ್ನು ಶಟ್‌ಔಟ್ ಅಂತ ಅವನ ಹೆಸರಿಗೇ ಬರೆಯುತ್ತಾರೆ. 1907ರಿಂದ 1927ರವರೆಗೆ ಆಡಿದ ವಾಲ್ಟರ್ ಜಾನ್ಸನ್ ಹೆಸರಲ್ಲಿ ಅಂಥವು 110 ಇವೆ. ಆ ದಾಖಲೆ ಇವತ್ತಿಗೂ ಅವನದೇ.

ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ವೆಂಕಟೇಶ್ ಪ್ರಸಾದ್ ಇದ್ದಾರಲ್ಲ. 1999ರ ಜನವರಿ, ಚೆನ್ನೈ ಟೆಸ್ಟ್. 4 ವಿಕೆಟ್‌ಗೆ 275 ಮಾಡಿದ್ದ ಪಾಕಿಸ್ತಾನ 286ಕ್ಕೆ ಆಲೌಟ್. ಪ್ರಸಾದ್ ಕೊನೆಯ 18 ಎಸೆತದಲ್ಲಿ ಒಂದೂ ರನ್ ಕೊಡದೆ 5 ವಿಕೆಟ್ ತೆಗೆದರು. ಜನರ ನೆನಪಲ್ಲಿ ಉಳಿದದ್ದು ಸಚಿನ್ ಹೊಡೆದ 136 ಮತ್ತು 12 ರನ್‌ಗಳ ಸೋಲು. ಪ್ರಸಾದ್ ಎಂದರೆ ನಮ್ಮ ಹುಡುಗರಿಗೆ ಬೆಂಗಳೂರಿನಲ್ಲಿ ಅಮೀರ್ ಸೊಹೈಲ್‌ನನ್ನು ಬೌಲ್ಡ್ ಮಾಡಿದ್ದೊಂದೇ ಗೊತ್ತು! ಆದರೂ ಆ 18 ಎಸೆತ ಕಳೆದುಹೋಗಿಲ್ಲ, ಸ್ಕೋರರ್ ಬರೆದಿಟ್ಟಿದ್ದಾನೆ. 1964ರಲ್ಲಿ ಮದ್ರಾಸಿನಲ್ಲೇ ಇಂಗ್ಲೆಂಡ್ ವಿರುದ್ಧ ಬಾಪು ನಾಡಕರ್ಣಿ ಸತತ 21 ಮೇಡನ್ ಓವರ್ ಹಾಕಿದ್ದೂ ಹಾಗೇ ಉಳಿದಿದೆ, ಆ ಇನಿಂಗ್ಸ್‌ನಲ್ಲಿ ಅವರಿಗೆ ಒಂದು ವಿಕೆಟ್ ಕೂಡ ಸಿಗದಿದ್ದರೂ.

ಸ್ಕೋರ್ ಬುಕ್‌ನಲ್ಲಿ ರನ್ ಬರದ ಎಸೆತಕ್ಕೆ ಒಂದು ಚುಕ್ಕೆ. ಓವರಿನ ಆರೂ ಚುಕ್ಕೆಯಾದರೆ ಅವನ್ನು ಗೆರೆ ಎಳೆದು ಸೇರಿಸಿ 'ಎಂ' ಅಕ್ಷರ ಮಾಡುತ್ತಾರೆ. ಒಂದು ಪೆನ್ನು ಸಾಕು. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ನಾವು ನೋಡಿದ ಎಷ್ಟೋ ಟೂರ್ನಮೆಂಟ್‌ಗಳಲ್ಲಿ ಫ್ಲೆಕ್ಸ್‌ಗೆ, ಮೈಕ್‌ಸೆಟ್‌ಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ಸ್ಕೋರ್ ಮಾತ್ರ ಪಾಂಪ್ಲೆಟ್ ಹಿಂಬದಿಯಲ್ಲಿ, ಅದೂ ತಂಡದ ಮೊತ್ತ ಅಷ್ಟೇ. ಬೌಲರ್ ಹೆಸರಿನ ಕಾಲಂ ಖಾಲಿ.

ತಪ್ಪು ಆಯೋಜಕರದು ಮಾತ್ರ ಅಲ್ಲ. ಬಹುಮಾನ ವಿತರಿಸಿದ ಗಣ್ಯರ ಹೆಸರನ್ನು ಒಂದೂ ಬಿಡದೆ ಬರೆದವರು ನಾವೇ.

ಈ ಸಲ ಟೂರ್ನಮೆಂಟ್ ಮಾಡುವವರು ನಲವತ್ತು ಪುಟದ ಒಂದು ನೋಟ್‌ಬುಕ್ ತನ್ನಿ. ಚೆನ್ನಾಗಿ ಬರೆಯುವ ಹುಡುಗನನ್ನೋ ಹುಡುಗಿಯನ್ನೋ ನೆರಳಲ್ಲಿ ಕೂರಿಸಿ, ಟೀ ಕೊಡಿ. ಆಟ ಮುಗಿದ ಕೂಡಲೇ ಪುಟದ ಫೋಟೊ ತೆಗೆದು ನಮಗೆ ವಾಟ್ಸಾಪ್ ಮಾಡಿ. ಬೌಲರ್ ಹೆಸರು ಸೇರಿಸಿಯೇ ಸುದ್ದಿ ಕಳಿಸುತ್ತೇವೆ.

ಆ ಹುಡುಗನ ಲೆಕ್ಕ ಈಗ ಊರವರ ಬಾಯಲ್ಲಷ್ಟೇ ಇದೆ. ಎರಡು ವಿಕೆಟ್ ಎನ್ನುತ್ತಾರೆ ಕೆಲವರು, ಮೂರು ಎನ್ನುತ್ತಾರೆ ಇನ್ನು ಕೆಲವರು. ಟೀ ಅಂಗಡಿಯಲ್ಲಿ ಈಗಲೂ ಜಗಳ ನಡೆದಿದೆ.